ಒಂದು ಮಿಲಿಮೀಟರ್ ಸುಳ್ಳು

ಆ ಏರ್‌ಗನ್ನಿನ ನಳಿಗೆಯ ಮೇಲೆ ಸುಳ್ಳು ಅಂಕೆ ಒತ್ತಿದವನು ನಾನು. ಅದು ಇಪ್ಪತ್ತೆರಡರ ನಳಿಗೆ. ನಾನು ಒತ್ತಿದ್ದು ಒಂದು, ಏಳು, ಏಳು. ಐದು ವರ್ಷದ ಹಿಂದೆ ಜಯಮ್ಮ ಎಂಬ ಹೆಣ್ಣುಮಗಳ ಎಡಗಣ್ಣು ಹೋದದ್ದು ಆ ನಳಿಗೆಯಿಂದ ಹಾರಿದ ಗುಂಡಿಗೆ. ಕಣ್ಣು ಕಳೆದವರು ಪೋಸ್ಟ್‌ಮ್ಯಾನ್ ಪುಟ್ಟಸ್ವಾಮಣ್ಣ ಎಂದು ಊರಿಗೆ ಊರೇ ತೀರ್ಮಾನಿಸಿದಾಗ, ಅವರಲ್ಲ ಎಂದು ಗೊತ್ತಿದ್ದವರು ಇಬ್ಬರು ಅಲ್ಲೇ ಇದ್ದರು. ಅವರಲ್ಲಿ ಒಬ್ಬ ನಾನು. ನಾನು ಬಾಯಿ ಬಿಡಲಿಲ್ಲ — ಇಲ್ಲ, ಇದೂ ಸುಳ್ಳು. ಬಾಯಿ ಬಿಟ್ಟೆ. ನಾನು ಆಡಿದ ಮಾತಿನಿಂದಲೇ ಅವರು ಸಿಕ್ಕಿಬಿದ್ದರು.

ನನ್ನ ಹೆಸರು ಇಮ್ತಿಯಾಜ್, ಗಂಜಾಂನವನು. ನಿಮಿಷಾಂಬ ಗುಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಹೊಲಿಗೆ ಯಂತ್ರ, ಔಷಧಿ ಹೊಡೆಯುವ ಪಂಪು, ಬೀಗ, ಮತ್ತು ಏರ್‌ಗನ್ನು. ಏರ್‌ಗನ್ನಿನ ಕೆಲಸ ಅಬ್ಬಾನಿಂದ ಬಂದದ್ದು. ಸಂಗಮದ ಹತ್ತಿರ ಹಲಗೆಗೆ ಬಲೂನು ಕಟ್ಟಿ ಹೊಡೆಸುವವರ ಬಂದೂಕುಗಳನ್ನೆಲ್ಲ ಅವರೇ ಸರಿ ಮಾಡುತ್ತಿದ್ದರು. ಸರಿ ಮಾಡುವುದೆಂದರೆ ಒಂದಿಷ್ಟು ಕೆಡಿಸುವುದೂ ಹೌದು. ಗುರಿಯ ಮುಳ್ಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿ ಕೊಟ್ಟರೆ ಗಿರಾಕಿಗೆ ಬಲೂನು ಸಿಕ್ಕುವುದಿಲ್ಲ, ಹಟಕ್ಕೆ ಬಿದ್ದು ಇನ್ನೊಮ್ಮೆ ಹೊಡೆಯುತ್ತಾನೆ. ಅಬ್ಬಾ ಆ ಕೆಲಸವನ್ನು ನಗುನಗುತ್ತಲೇ ಮಾಡುತ್ತಿದ್ದರು. ಬಲೂನಿಗೆ ಮೋಸ ಮಾಡಬಹುದು, ಜೀವಕ್ಕೆ ಮಾಡಬಾರದು ಎಂಬುದು ಅವರ ನಿಯಮ. ನಾನು ಮೊದಲನೆಯದನ್ನು ಮಾತ್ರ ಚೆನ್ನಾಗಿ ಕಲಿತೆ.

ಬಂದೂಕು ಕೇಳಿಕೊಂಡು ಬರುವವರು ಹೆಚ್ಚಿನಂಶ ರೈತರೇ. ಪಾಂಡವಪುರದವರಿಗೆ ಕಬ್ಬಿನ ಇಲಿ, ಕೆ.ಆರ್. ಪೇಟೆಯವರಿಗೆ ತೆಂಗಿನ ಬುಡ ತೋಡುವ ಹೆಗ್ಗಣ. ನಾಗಮಂಗಲದ ಕಡೆಯವರಾದರೆ ಕೂರುವ ಮುಂಚೆಯೇ ಹೇಳಿಬಿಡುತ್ತಿದ್ದೆ — ನವಿಲಿನ ಮಾತು ಎತ್ತಬೇಡಿ ಎಂದು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನೂರಾ ಎಪ್ಪತ್ತೇಳು ತಗೊಳ್ಳಲೋ, ಇಪ್ಪತ್ತೆರಡು ತಗೊಳ್ಳಲೋ? ಅಂಕೆ ದೊಡ್ಡದಾದರೂ ನೂರಾ ಎಪ್ಪತ್ತೇಳರ ಗುಂಡೇ ಸಣ್ಣದು, ನಾಲ್ಕೂವರೆ ಮಿಲಿಮೀಟರ್ ದಪ್ಪ. ಹಗುರ, ವೇಗ ಜಾಸ್ತಿ, ನೇರ ಹೋಗುತ್ತದೆ. ಹತ್ತಿರದ ಇಲಿಗೆ ಅದು ಸಾಕು. ಆದರೆ ಏಟು ಒಂಚೂರು ತಪ್ಪಿದರೆ ಪ್ರಾಣಿಯ ಮೈಯಲ್ಲಿ ಸೂಜಿ ಚುಚ್ಚಿದಂತೆ ತೂತು ಮಾಡಿ ಹೋಗಿಬಿಡುತ್ತದೆ. ಪ್ರಾಣಿ ಓಡಿಹೋಗಿ ಬಿಲದಲ್ಲಿ ನರಳಿ ಸಾಯುತ್ತದೆ. ಇಪ್ಪತ್ತೆರಡರದು ಐದೂವರೆ ಮಿಲಿಮೀಟರ್. ಭಾರ, ನಿಧಾನ, ದೂರಕ್ಕೆ ಹೊಡೆದರೆ ಬಾಗಿ ಇಳಿಯುತ್ತದೆ. ಆದರೆ ಬಿದ್ದ ಕಡೆ ಪೂರಾ ಬೀಳುತ್ತದೆ. ಹೆಗ್ಗಣ ಇದ್ದಲ್ಲೇ ಮಲಗುತ್ತದೆ. ಎರಡರ ನಡುವೆ ಇರುವುದು ಒಂದು ಮಿಲಿಮೀಟರ್. ಇನ್ನೊಂದು ವ್ಯತ್ಯಾಸ — ಇಪ್ಪತ್ತೆರಡಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ನೂರಾ ಎಪ್ಪತ್ತೇಳಕ್ಕೆ ಬೇಡ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಅಬ್ಬಾ ಹೇಳಿಕೊಟ್ಟಿದ್ದರು. "ಬೇಟಾ, ಏನು ಹೊಡೀತೀರಾ ಅಂತ ಆಮೇಲೆ ಕೇಳು. ಅದರ ಹಿಂದೆ ಏನೈತೆ ಅಂತ ಮೊದಲು ಕೇಳು." ಹಿಂದೆ ಮಣ್ಣಿನ ದಿಬ್ಬವೋ, ಗೋಡೆಯೋ, ಮನೆಯೋ, ದಾರಿಯೋ. ಅದನ್ನು ಹೇಳಲು ತಡವರಿಸುವವನಿಗೆ ಯಾವ ಅಳತೆಯನ್ನೂ ಕೊಡಬೇಡ ಎನ್ನುತ್ತಿದ್ದರು.

ಪುಟ್ಟಸ್ವಾಮಣ್ಣ ಈ ಪ್ರಶ್ನೆಗೆ ನಕ್ಷೆ ಬರೆದು ಉತ್ತರ ಕೊಟ್ಟ ಒಬ್ಬರೇ ಗಿರಾಕಿ. ಕಿಕ್ಕೇರಿಯಿಂದ ಎರಡು ಮೈಲಿ ಒಳಗೆ ಅವರ ಊರು. ಊರಿನ ಹೆಸರು ಬರೆಯುವುದಿಲ್ಲ. ಆ ಊರಿಗೆ ನಾನು ಮಾಡಿರುವುದೇ ಸಾಕು. ಮೂವತ್ತು ವರ್ಷ ಸೈಕಲ್ ತುಳಿದು ಸುತ್ತಲ ಹಳ್ಳಿಗಳಿಗೆ ಟಪಾಲು ಹಂಚಿ ನಿವೃತ್ತರಾಗಿದ್ದರು. ಮನೆಯ ಹಿಂದೆ ಒಂದೆಕರೆ ಸೀಬೆ ತೋಟ, ಹೊಸದಾಗಿ ಇಟ್ಟ ತೆಂಗಿನ ಸಸಿ. ಸಸಿಗಳನ್ನು ಹೆಗ್ಗಣ ಉಳಿಸುತ್ತಿರಲಿಲ್ಲ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ತೋಟ ಎಲ್ಲಿ, ನೀರಿನ ತೊಟ್ಟಿ ಎಲ್ಲಿ, ಕಾಲುದಾರಿ ಎಲ್ಲಿ ಎಂದು ಗೆರೆ ಎಳೆದರು. ದಾರಿಗೆ ಬೆನ್ನು ಮಾಡಿ, ತೊಟ್ಟಿಯ ಹಿಂದಿನ ಮಣ್ಣಿನ ದಿಬ್ಬದ ಕಡೆಗೆ ಮಾತ್ರ ಹೊಡೆಯುತ್ತೇನೆ ಎಂದರು.

"ಪಾಷಾಣ ಇಡಬೌದು ಸಾಬ್ರೆ. ಆದ್ರೆ ಅದ್ನ ತಿಂದ ಹೆಗ್ಗಣನ ಗೂಬೆ ತಿಂತದೆ, ನಾಯಿ ತಿಂತದೆ. ನಂಗೆ ಬೇಕಾಗಿರೋದು ಒಂದೇ ಏಟು. ಅರೆಜೀವ ಮಾಡಿ ಬುಡಬಾರ್ದು."

ಹಾಗಾದರೆ ಇಪ್ಪತ್ತೆರಡು, ಆದರೆ ಲೈಸೆನ್ಸಿಗೆ ಅಲೆದಾಡಬೇಕು ಎಂದೆ. ಒಂದು ಹೆಗ್ಗಣ ನರಳದೆ ಸಾಯಲಿ ಎಂದು ಯಾರಾದರೂ ಅಷ್ಟು ಅಲೆಯುತ್ತಾರೆಯೇ ಎಂದು ಚುಡಾಯಿಸಿದೆ ಕೂಡ. ಅವರು ಅಲೆದರು. ವರ್ಷದ ಮೇಲೆ ಕಾಗದ ಹಿಡಿದುಕೊಂಡು ಬಂದಾಗ ಶಾಲೆಯ ಮಕ್ಕಳು ಅಂಕಪಟ್ಟಿ ತೋರಿಸುವ ಹಾಗೆ ನನಗೆ ತೋರಿಸಿದರು. ನಾನು ನಕ್ಕೆ. ಈಗ ಆ ನಗು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರ ತೋಟದ ಪಕ್ಕದ ತೆಂಗು, ಕಬ್ಬು ಲೋಕೇಶನದು. ಮೂವತ್ತರ ಆಸುಪಾಸಿನ ಆಸಾಮಿ, ಸ್ವಂತ ಟ್ರಾಕ್ಟರು, ಮಾತಿನಲ್ಲಿ ಚುರುಕು. ಅವನ ಹತ್ತಿರ ಮೊದಲೇ ನೂರಾ ಎಪ್ಪತ್ತೇಳರ ಏರ್‌ಗನ್ನು ಇತ್ತು. ಪುಟ್ಟಸ್ವಾಮಣ್ಣನ ಒಂದೇ ಏಟಿಗೆ ಹೆಗ್ಗಣ ಉರುಳಿದ್ದನ್ನು ಕಂಡ ಮೇಲೆ ಅವನಿಗೆ ತನ್ನದು ಆಟಿಕೆಯಂತೆ ಕಾಣತೊಡಗಿತು. ಬಂದೂಕು ಹೆಗಲಿಗೆ ಹಾಕಿಕೊಂಡು ಬಂದ.

"ಮೊಲಕ್ಕೆ ಒಡುದ್ರೆ ತುರುಸ್ಕಂಡು ಓಯ್ತದೆ ಸಾಬ್ರೆ. ಇದ್ಕೂ ಇಪ್ಪತ್ತೆರಡು ಮಾಡ್ಕೊಡಿ. ಲೈಸೆನ್ಸು ಅಂತ ನಂಗೆ ಅಲೆಯೋಕಾಗಲ್ಲ. ನಿಮ್ ಕೈಲಿ ಆಗ್ದೇ ಇರೋದು ಏನೈತೆ?"

ಈ ಕೊನೆಯ ಮಾತಿಗೆ ಬಿದ್ದೆ. ದುರಾಸೆಯಿಂದ ಮಾಡಿದೆ ಎಂದು ಹೇಳಿದರೆ ನಂಬುವುದು ಸುಲಭ, ಆದರೆ ಅದು ಅಲ್ಲ. ಒಣಹೆಮ್ಮೆ. ಅಂಗಡಿಯ ಅಟ್ಟದ ಮೇಲೆ ಅಬ್ಬಾನ ಕಾಲದ ಒಂದು ಹಳೆಯ ಇಪ್ಪತ್ತೆರಡರ ನಳಿಗೆ ಬಿದ್ದಿತ್ತು. ಅದನ್ನು ಅವನ ಬಂದೂಕಿಗೆ ಕೂರಿಸಬಲ್ಲೆನೇ ಎಂದು ನನಗೇ ಕುತೂಹಲ. ಮೂರು ದಿನ ಹಿಡಿಯಿತು. ಕೂತ ಮೇಲೆ ಹಳೆಯ ಗುರುತನ್ನು ಉಜ್ಜಿ ತೆಗೆದು, ಅಂಕೆಯ ಮೊಳೆಗಳನ್ನಿಟ್ಟು ಸುತ್ತಿಗೆಯಿಂದ ಬಡಿದೆ — ಒಂದು, ಏಳು, ಏಳು. ಏಳರ ಮೊಳೆ ನನ್ನ ಕೈಯಿಂದ ಯಾವಾಗಲೋ ಬಿದ್ದು ಬಾಲ ಮುರಿದುಕೊಂಡಿತ್ತು. ನಾನು ಒತ್ತಿದ ಏಳು ಎಲ್ಲಿದ್ದರೂ ನನಗೆ ಗುರುತು ಸಿಗುತ್ತದೆ. ಅದು ಮೊಂಡು ಬಾಲದ ಏಳು.

ಹಿಂದೆ ಏನಿದೆ ಎಂದು ಲೋಕೇಶನನ್ನು ಕೇಳಲಿಲ್ಲ. ಅಬ್ಬಾನ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ. ಆ ಹೊತ್ತಿನಲ್ಲಿ ನಾನು ಗಿರಾಕಿಯನ್ನು ನೋಡುತ್ತಿರಲಿಲ್ಲ, ನನ್ನ ಕೈಕೆಲಸವನ್ನು ನೋಡಿಕೊಳ್ಳುತ್ತಿದ್ದೆ.

ಆರೇಳು ತಿಂಗಳು ಕಳೆದಿರಬಹುದು. ಒಂದು ದಿನ ಆ ಊರಿನ ಯಜಮಾನರಿಂದ ಫೋನು ಬಂತು. ಗಂಡನಿಲ್ಲದ ಹೆಂಗಸು ಜಯಮ್ಮ ಬೆಳಿಗ್ಗೆ ಹಸುವಿಗೆ ಹುಲ್ಲು ಕುಯ್ಯಲು ಬದುವಿಗೆ ಹೋಗಿದ್ದಾಳೆ. ಒಂದು ಕಡೆ ಪುಟ್ಟಸ್ವಾಮಣ್ಣನ ತೋಟ, ಇನ್ನೊಂದು ಕಡೆ ಲೋಕೇಶನ ಕಬ್ಬು. ಎಲ್ಲಿಂದಲೋ ಬಂದ ಗುಂಡು ಕಣ್ಣಿಗೆ ಹೊಕ್ಕಿದೆ. ಮೈಸೂರಿನಲ್ಲಿ ಡಾಕ್ಟರು ಗುಂಡು ತೆಗೆದರು, ಕಣ್ಣು ಉಳಿಯಲಿಲ್ಲ. ಕೇಸು ಬೇಡ, ಊರಲ್ಲೇ ನ್ಯಾಯ ಮಾಡೋಣ ಎಂದು ಹಿರಿಯರು ತೀರ್ಮಾನಿಸಿದ್ದಾರೆ. ಬಂದೂಕಿನ ವಿಷಯ ತಿಳಿದವರು ಯಾರಾದರೂ ಬಂದು ನೋಡಿ ಹೇಳಬೇಕು. ಆ ಸುತ್ತಿನಲ್ಲಿ ಬಂದೂಕಿನ ವಿಷಯ ತಿಳಿದವನು ನಾನೇ.

ಹೋದೆ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ಅಲ್ಲಿಂದ ಕಿಕ್ಕೇರಿ ಬಸ್ಸು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ — ಅದು ನೂರಾ ಎಪ್ಪತ್ತೇಳರ ಗುಂಡಾಗಿರಲಿ ಅಲ್ಲಾ, ಸಣ್ಣದಾಗಿರಲಿ. ಒಬ್ಬ ಹೆಂಗಸಿನ ಕಣ್ಣು ಹೋಗಿದೆ, ನಾನು ಗುಂಡಿನ ಅಳತೆಗೆ ಪ್ರಾರ್ಥಿಸುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯಬೇಕು.

ಊರ ನಡುವಿನ ಮಂಟಪದ ಮುಂದೆ ಚಾಪೆ ಹಾಸಿ ಊರಿನಲ್ಲಿದ್ದ ಮೂರು ಏರ್‌ಗನ್ನುಗಳನ್ನೂ ಸಾಲಾಗಿ ಮಲಗಿಸಿದ್ದರು. ಒಂದು ಯಾರದೋ ಹಳೆಯದು, ಸ್ಪ್ರಿಂಗು ಮುರಿದದ್ದು. ಒಂದು ಪುಟ್ಟಸ್ವಾಮಣ್ಣನದು, ಜೊತೆಗೆ ಲೈಸೆನ್ಸನ್ನೂ ತಂದು ಅದರ ಮೇಲೆ ಕಲ್ಲು ಹೇರಿ ಇಟ್ಟಿದ್ದರು. ಇನ್ನೊಂದು ಲೋಕೇಶನದು. ಚಾಪೆಯ ಹತ್ತಿರ ಹೋದ ಕೂಡಲೇ ನನ್ನ ಮೊಂಡು ಬಾಲದ ಏಳುಗಳು ಕಂಡವು. ಲೋಕೇಶ ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಪುಟ್ಟಸ್ವಾಮಣ್ಣನ ಹೆಂಡತಿ ಗೌರಮ್ಮ, ದಣಿದು ಬಂದಿದ್ದೀರಿ ಎಂದು ನನಗೆ ಮಜ್ಜಿಗೆ ತಂದುಕೊಟ್ಟರು. ಕುಡಿದೆ.

ಯಜಮಾನರು ಆಸ್ಪತ್ರೆಯ ಸಣ್ಣ ಸೀಸೆಯನ್ನು ನನ್ನ ಕೈಗಿಟ್ಟರು. ಗುಂಡನ್ನು ಅಂಗೈಗೆ ಸುರಿದುಕೊಂಡ ಕೂಡಲೇ ತೂಕ ತಿಳಿಯಿತು. ಇಪ್ಪತ್ತೆರಡು.

ಅಷ್ಟೇ ಆಗಿದ್ದರೆ, ಯಾವ ಬಂದೂಕೆಂದು ನನಗೂ ಗೊತ್ತಾಗಲಿಲ್ಲ ಎಂದು ಇವತ್ತು ಹೇಳಿಕೊಳ್ಳಬಹುದಿತ್ತು. ಆದರೆ ಜೇಬಿನಲ್ಲಿ ಭೂತಗನ್ನಡಿ ಇತ್ತು, ಹಿಡಿದು ನೋಡಿದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆಗಳಿರುತ್ತವೆ. ಹಾರಿಹೋಗುವ ಗುಂಡಿನ ಸೊಂಟದ ಮೇಲೆ ಅವು ಗೀರಾಗಿ ಮೂಡುತ್ತವೆ. ಪುಟ್ಟಸ್ವಾಮಣ್ಣನ ಹೊಸ ಬಂದೂಕಿಗೆ ಹನ್ನೆರಡು ಗೆರೆ. ಅಬ್ಬಾನ ಕಾಲದ ಹಳೆಯ ನಳಿಗೆಗೆ ಆರೇ ಗೆರೆ. ಗುಂಡಿನ ಒಂದು ಮಗ್ಗುಲು ಜಜ್ಜಿಹೋಗಿತ್ತು, ಇನ್ನೊಂದು ಮಗ್ಗುಲು ಸರಿಯಾಗಿತ್ತು. ಅದರ ಮೇಲೆ ಮೂರು ಗೀರು, ಅಗಲವಾಗಿ, ದೂರದೂರಕ್ಕೆ. ಅರ್ಧಕ್ಕೆ ಮೂರಾದರೆ ಪೂರ್ತಿಗೆ ಆರು. ಇದಕ್ಕಿಂತ ಸ್ಪಷ್ಟವಾಗಿ ಗುಂಡು ಮಾತಾಡಲಾರದು.

"ಎಷ್ಟರದ್ದು ಸಾಬ್ರೆ?" ಎಂದರು ಯಜಮಾನರು.

"ಇಪ್ಪತ್ತೆರಡು."

ಎಲ್ಲರ ಮುಖವೂ ಪುಟ್ಟಸ್ವಾಮಣ್ಣನ ಕಡೆ ತಿರುಗಿತು. ಲೈಸೆನ್ಸಿನ ಇಪ್ಪತ್ತೆರಡು ಊರಿನಲ್ಲಿ ಇದ್ದದ್ದು ಅವರೊಬ್ಬರಲ್ಲೇ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಯಜಮಾನರು ನಿಧಾನಸ್ಥರು. ಸ್ವಲ್ಪ ಯೋಚಿಸಿ ಕೇಳಿದರು:

"ಅಲ್ಲ, ಮೂರುದ್ರ ಮೂತಿಗೂ ಇಟ್ಟು ನೋಡೂದು ಬ್ಯಾಡ್ವಾ?"

ನೋಡಬೇಕಿತ್ತು. ಇಪ್ಪತ್ತೆರಡರ ಹೊಸ ಗುಂಡೊಂದನ್ನು ಲೋಕೇಶನ ಬಂದೂಕಿಗೆ ಇಟ್ಟಿದ್ದರೆ ಸರಕ್ಕನೆ ಕೂರುತ್ತಿತ್ತು, ಎಲ್ಲ ಅಲ್ಲೇ ಮುಗಿಯುತ್ತಿತ್ತು. ಅರ್ಧ ನಿಮಿಷದ ಕೆಲಸ. ನಾನು ಹೇಳಿದೆ —

"ಯಾಕೆ ಯಜಮಾನ್ರೆ? ನಂಬರ್ ಒತ್ತೈತಲ್ಲ."

ಇಷ್ಟೇ. ಇಡೀ ಜೀವಮಾನದಲ್ಲಿ ನಾನು ಆಡಿದ ಮಾತುಗಳಲ್ಲಿ ಇದೊಂದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ — ಆದರೆ ಹಾಗಿಲ್ಲವಲ್ಲ.

ಹೆದರಿದ್ದೆ ಎಂದು ಹೇಳಬಹುದು. ಅಂಗಡಿ ಮುಚ್ಚುತ್ತದೆ, ಜೈಲಾಗುತ್ತದೆ, ಹಿಂದೂಗಳ ಊರಿಗೆ ಸಾಬಿಯೊಬ್ಬ ಕಳ್ಳ ಬಂದೂಕು ಕೊಟ್ಟ ಎಂದು ಮಾತಾಗುತ್ತದೆ ಎಂಬುದೆಲ್ಲ ತಲೆಯಲ್ಲಿ ಓಡಿದ್ದು ನಿಜ. ಆದರೆ ಆ ಊರಿನವರು ಯಾರೂ ನನ್ನನ್ನು ಹೆದರಿಸಿರಲಿಲ್ಲ. ನನ್ನ ಮಾತನ್ನು ಅಳೆದು ನೋಡದೆ ನಂಬುವಷ್ಟು ಗೌರವ ಕೊಟ್ಟಿದ್ದರು. ಹೆಸರು ಹೋಗುತ್ತದೆಂಬ ಭಯ ನನ್ನೊಳಗಿನದು, ಅದನ್ನು ಅವರ ತಲೆಗೆ ಕಟ್ಟಲಾರೆ.

ಪುಟ್ಟಸ್ವಾಮಣ್ಣ ಎದ್ದು ನಿಂತರು. ವಾದ ಮಾಡುತ್ತಾರೆ, ನಕ್ಷೆ ತೆಗೆಯುತ್ತಾರೆ, ದಿಬ್ಬದ ಕಡೆಗೇ ಹೊಡೆದದ್ದು ಎನ್ನುತ್ತಾರೆ ಎಂದುಕೊಂಡೆ. ಅವರು ಹೇಳಿದ್ದೇ ಬೇರೆ.

"ಆವತ್ತು ಬೆಳಿಗ್ಗೆ ಎರಡು ಏಟು ಒಡ್ದಿದ್ದೆ. ಒಂದು ಹೆಗ್ಗಣಕ್ಕೆ ಬಿತ್ತು. ಇನ್ನೊಂದು ಎಲ್ಲಿಗೋಯ್ತೋ ಕಾಣ್ಲಿಲ್ಲ. ತೊಟ್ಟಿ ಕಲ್ಲಿಗೆ ಬಡ್ದು ಅತ್ಲಾಗೆ ಆರಿರಬೌದು. ನಂದೇ ಇರ್ಬೇಕು."

ಅಷ್ಟು ಪ್ರಾಮಾಣಿಕನಾದವನನ್ನು ಸಿಕ್ಕಿಸಿಹಾಕುವುದು ಬಹಳ ಸುಲಭ. ತನ್ನ ಕೈ ತಪ್ಪಿರಬಹುದು ಎಂದು ಮೊದಲು ನಂಬುವವನು ಅವನೇ.

ಹಿರಿಯರು ಏನು ಪರಿಹಾರ ಬೇಕು ಎಂದು ಜಯಮ್ಮನನ್ನು ಕೇಳಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಬದಿಗೆ ಕೂತಿದ್ದ ಅವಳು, "ನಂಗೇನೂ ಬ್ಯಾಡಿ. ನನ್ ಹಸೀಗೆ ಹುಲ್ಲು ತರೋರಿಲ್ಲ" ಎಂದಳು. ನಾನು ತರುತ್ತೇನೆ ಎಂದರು ಪುಟ್ಟಸ್ವಾಮಣ್ಣ. ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಂದೂಕನ್ನು ಮಾರನೆಯ ದಿನವೇ ಸರ್ಕಾರಕ್ಕೆ ಒಪ್ಪಿಸಿ ಬಂದರಂತೆ.

ನಾನು ಹೊರಡುವಾಗ ಗೌರಮ್ಮ ಲೋಟ ತೆಗೆದುಕೊಳ್ಳಲು ಬಂದರು. ದನಿ ತಗ್ಗಿಸಿ, "ನಮ್ಮೋರ್ದೇ ಅಂತೀರಾ ಸಾಬ್ರೆ?" ಎಂದರು. ಗಂಡನ ಮೇಲೆ ಅವರಿಗಿದ್ದ ನಂಬಿಕೆಯನ್ನು ಉಳಿಸಲು ನನ್ನ ಒಂದು ಮಾತು ಸಾಕಿತ್ತು. ಗುಂಡಿನ ಅಳತೆ ಅದೇ ಅಮ್ಮ ಎಂದೆ. ಅದು ಸುಳ್ಳಲ್ಲ, ನೋಡಿ. ಆವತ್ತು ನಾನು ಆಡಿದ್ದರಲ್ಲಿ ಒಂದೇ ಒಂದು ಸುಳ್ಳು ಅಕ್ಷರವಿರಲಿಲ್ಲ. ಇದ್ದ ಸುಳ್ಳನ್ನೆಲ್ಲ ಕಬ್ಬಿಣದ ಮೇಲೆ ಮೊದಲೇ ಒತ್ತಿಯಾಗಿತ್ತು.

ಆಮೇಲೆ ಐದು ವರ್ಷ. ಅಂಗಡಿ ತೆರೆದೆ, ಮುಚ್ಚಿದೆ. ಐದು ಹೊತ್ತಿನ ನಮಾಜಿನಲ್ಲಿ ಒಂದು ಹೊತ್ತಿಗೂ ಈ ಮಾತನ್ನು ಒಳಗೆ ತರಲಿಲ್ಲ. ಚಪ್ಪಲಿ ಬಿಡುವ ಕಡೆಯೇ ಬಿಟ್ಟು ಹೋಗುತ್ತಿದ್ದೆ, ವಾಪಸು ಬರುವಾಗ ಹಾಕಿಕೊಳ್ಳುತ್ತಿದ್ದೆ. ಕಿಕ್ಕೇರಿಯ ಗಿರಾಕಿ ಬಂದರೆ ಕೆಲಸವಿಲ್ಲ ಎಂದು ಕಳಿಸುತ್ತಿದ್ದೆ.

ಹೋದ ತಿಂಗಳು ಲೋಕೇಶನೇ ಬಂದ, ಹೆಗಲಲ್ಲಿ ಅದೇ ಬಂದೂಕು. ವಾಷರು ಸವೆದಿದೆ, ಏಟಿಗೆ ಜೋರಿಲ್ಲ, ಹೊಸದು ಹಾಕಿ ಎಂದ. ಅವನು ಇನ್ನೂ ಅದನ್ನು ಇಟ್ಟುಕೊಂಡಿದ್ದಾನೆ, ಇನ್ನೂ ಹೊಡೆಯುತ್ತಿದ್ದಾನೆ ಎಂಬುದೇ ನನಗೆ ನಂಬಲಾಗಲಿಲ್ಲ. ಪುಟ್ಟಸ್ವಾಮಣ್ಣ ಹೇಗಿದ್ದಾರೆ ಎಂದು ಕೇಳಿದೆ.

"ಅವ್ರೆ. ಈಗ್ಲೂ ದಿನಾ ಬೆಳಿಗ್ಗೆ ಅವಳ ಹಸೀಗೆ ಹುಲ್ಲು ಒರ್ತಾವ್ರೆ, ಬೆನ್ನು ಬಗ್ಗೋಗೈತೆ. ಗೌರಮ್ಮಾರು ಓದ ವರ್ಷ ತೀರ್ಕಂಡ್ರು." ಬಂದೂಕಿನ ಹಿಡಿಯನ್ನು ಸವರಿದ. "ಬುಡಿ ಸಾಬ್ರೆ, ಆಗೋದು ಆಗೋಯ್ತು."

ಅವನು ಹೋದ ಮೇಲೆ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದೆ. ಆರು ಗೆರೆಗಳೂ ಹಾಗೇ ಇದ್ದವು, ನನ್ನ ಎರಡು ಮೊಂಡು ಬಾಲದ ಏಳುಗಳೂ. ಎಪ್ಪತ್ತರ ಮುದುಕ ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದಾನೆ ಎಂಬ ಮಾತು ಒಳಗೆ ಹೊಕ್ಕದ್ದು ಹೊರಗೆ ಬರಲಿಲ್ಲ. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಲೋಕೇಶನಿಗೆ ಫೋನು ಮಾಡಿ, ನಾನು ಹೇಳಿಬಿಡುತ್ತೇನೆ ಎಂದೆ.

"ಇಬ್ರೂ ಮುಳುಗ್ತೀವಿ" ಎಂದ. "ಹುಲ್ಲು ಅಲ್ಲಾಡ್ತು ಸಾಬ್ರೆ. ಮೊಲ ಅನ್ಕಂಡೆ. ಅದ್ರ ಇಂದೆ ಜನ ಅವ್ರೆ ಅಂತ ನಂಗೇನು ಗೊತ್ತು?" ಅಬ್ಬಾನ ಪ್ರಶ್ನೆಗೆ ಐದು ವರ್ಷ ತಡವಾಗಿ ಬಂದ ಉತ್ತರ ಅದು. ಕೇಳದೇ ಹೋದವನು ನಾನಾದ್ದರಿಂದ ಅವನನ್ನು ಬಯ್ಯಲಾಗಲಿಲ್ಲ.

ನಳಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಅದೇ ಬಸ್ಸುಗಳನ್ನು ಹಿಡಿದೆ. ಪುಟ್ಟಸ್ವಾಮಣ್ಣ ಹಿತ್ತಿಲಿನಲ್ಲಿ ಕುಡುಗೋಲು ಮಸೆಯುತ್ತಾ ಕೂತಿದ್ದರು. ಮಸೆಯುವ ಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಪೀಠಿಕೆ ಹಾಕಲು ಹೋದರೆ ಮತ್ತೆ ಜಾರಿಕೊಳ್ಳುತ್ತೇನೆಂದು ಗೊತ್ತಿತ್ತು. ಅಣ್ಣಾ, ಅದು ನಿಮ್ಮ ಗುಂಡಲ್ಲ, ನನಗೆ ಆವತ್ತೇ ಗೊತ್ತಿತ್ತು ಎಂದೆ. ಅಂಕೆ ಒತ್ತಿದ್ದು, ಗೆರೆ ಎಣಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಎದ್ದು ಒಳಗೆ ಹೋದರು. ಬಡಿಯಲು ಏನಾದರೂ ತರುತ್ತಾರೆ ಎಂದುಕೊಂಡೆ. ತಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ತಂದದ್ದು ಆಸ್ಪತ್ರೆಯ ಆ ಸಣ್ಣ ಸೀಸೆ. ಐದು ವರ್ಷ ಆ ಗುಂಡನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಭೂತಗನ್ನಡಿ ಕೇಳಿ ಇಸಿದುಕೊಂಡು, ಗೀರುಗಳನ್ನು ಎಣಿಸಿದರು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಗೆರೆಗಳನ್ನು ಎಣಿಸಿದರು. ಮತ್ತೆ ಗುಂಡು, ಮತ್ತೆ ನಳಿಗೆ.

"ಅಂಗಾರೆ ನಾನಲ್ವಾ?"

"ನೀವಲ್ಲ ಅಣ್ಣಾ."

"ನಾನಲ್ವಾ?"

ಮೂರನೆಯ ಸಲ ಕೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ಅವರ ಹೆಸರನ್ನು ಕೆಡಿಸಿದೆ ಎಂದಷ್ಟೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಅಲ್ಲ. ಊರು ನಂಬಿದ್ದು ಹಾಗಿರಲಿ, ಅವರೇ ನಂಬಿಬಿಟ್ಟಿದ್ದರು. ತಾನೇ ಒಬ್ಬಳ ಕಣ್ಣು ಕಳೆದವನು ಎಂದುಕೊಂಡು ಪ್ರತಿ ಬೆಳಗೂ ಎದ್ದಿದ್ದರು. ಹೆಗ್ಗಣವನ್ನೂ ಅರೆಜೀವ ಮಾಡಬಾರದು ಎಂದ ಮನುಷ್ಯನನ್ನು ನಾನು ಐದು ವರ್ಷ ಅರೆಜೀವ ಮಾಡಿ ಬಿಟ್ಟಿದ್ದೆ.

"ಒಂದ್ ವರ್ಷ ಮುಂಚೆ ಬರಬಾರ್ದಾಗಿತ್ತಾ ಸಾಬ್ರೆ" ಎಂದರು. ಗದರಲಿಲ್ಲ, ತಡವಾಗಿ ಬಂದ ಬಸ್ಸನ್ನು ಕೇಳುವ ಹಾಗೆ ಕೇಳಿದರು. "ನಮ್ಮನೆಯೋಳು ಸಾಯೋ ಮುಂಚೆ ಜಯಮ್ಮುನ್ನ ಕರುಸ್ಕಂಡ್ಳು. ಅವಳ ಕೈ ಇಡ್ಕಂಡು, ನಮ್ಮೆಜಮಾನ್ರುನ್ನ ಕ್ಷಮಿಸ್ಬುಡವ್ವ ಅಂದ್ಳು. ನಂಗೋಸ್ಕರ ಬೇಡ್ಕಂಡು ಓದ್ಳು."

ಅವರು ಕುಡುಗೋಲು ತೆಗೆದುಕೊಂಡು ಬದುವಿಗೆ ಹೋಗಿ ಎಂದಿನಂತೆ ಹುಲ್ಲು ಕುಯ್ದರು. ನಾನು ಹಿಂದೆಯೇ ನಿಂತಿದ್ದೆ. ಹೊರೆ ಕಟ್ಟಿದ ಮೇಲೆ, "ಎತ್ಕಳಿ. ಅವಳ ಮುಂದೆ ಯೋಳಿ" ಎಂದರು. ಹೊತ್ತುಕೊಂಡೆ. ಹಸಿ ಹುಲ್ಲು ಅಷ್ಟು ಭಾರವೆಂದು ಗೊತ್ತಿರಲಿಲ್ಲ. ಜಯಮ್ಮನ ಮನೆ ಮುಟ್ಟುವ ಹೊತ್ತಿಗೆ ನನ್ನ ಕುತ್ತಿಗೆ ಸೆಟೆದುಕೊಂಡಿತ್ತು. ಅವರು ಅದನ್ನು ಐದು ವರ್ಷ ಹೊತ್ತಿದ್ದರು.

ಜಯಮ್ಮ ಬಾಗಿಲಲ್ಲಿ ನಿಂತು, ಹೊರೆ ಹೊತ್ತವನು ಯಾರೆಂದು ನೋಡಲು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ನೋಡಿದಳು. ಹೊರೆ ಇಳಿಸಿ, ನನ್ನ ಹೆಸರು ಹೇಳಿ, ಹಿತ್ತಿಲಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ನನಗೆ ಶಾಪ ಹಾಕಲಿಲ್ಲ. ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪುಟ್ಟಸ್ವಾಮಣ್ಣನ ಕಡೆ ತಿರುಗಿದಳು.

"ಆವತ್ತು ಗೌರಮ್ಮವ್ವ ಕೇಳುದ್ಲಲ್ಲ ಮಾವ" ಎಂದಳು. "ನಾನು ಆಂ ಅನ್ಲಿಲ್ಲ, ಊಂ ಅನ್ಲಿಲ್ಲ. ಕೈ ಬುಡುಸ್ಕಂಡು ಬಂದ್ಬುಟ್ಟೆ."

ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಪುಟ್ಟಸ್ವಾಮಣ್ಣ ಹೊರೆಯ ಹಗ್ಗ ಬಿಚ್ಚಿ ಹುಲ್ಲನ್ನು ಹಸುವಿನ ಮುಂದೆ ಹಾಕಿದರು. ನಾಳೆಯಿಂದ ತರಬೇಡ ಮಾವ ಎಂದು ಅವಳು ಅಳುತ್ತಲೇ ಹೇಳಿದಾಗ, "ಹಸೀಗೆ ಏನವ್ವ ಗೊತ್ತು" ಎಂದಷ್ಟೇ ಹೇಳಿ ಅದರ ಬೆನ್ನು ಸವರಿದರು. ನಾನು ನಿಂತೇ ಇದ್ದೆ. ಹೋಗಿ ಎಂದು ಯಾರೂ ಹೇಳಲಿಲ್ಲ, ಕೂರಿ ಎಂದೂ ಹೇಳಲಿಲ್ಲ.

ಬರುವ ಸೋಮವಾರ ಅದೇ ಮಂಟಪದ ಮುಂದೆ ನ್ಯಾಯ ಸೇರುತ್ತದೆ. ಯಜಮಾನರಿಗೆ ನಾನೇ ಹೇಳಿ ಬಂದಿದ್ದೇನೆ. ಲೋಕೇಶ ಬರುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು. ನಾನು ನಳಿಗೆ, ಏಳರ ಮೊಳೆ, ಭೂತಗನ್ನಡಿ ಮೂರನ್ನೂ ಚಾಪೆಯ ಮೇಲೆ ಇಡುತ್ತೇನೆ. ಆವತ್ತು ಬೇಡವೆಂದ ಪರೀಕ್ಷೆಯನ್ನು ಎಲ್ಲರೆದುರು ಮಾಡಿ ತೋರಿಸುತ್ತೇನೆ. ಗೆರೆಗಳನ್ನು ಊರಿನವರು ತಾವೇ ಎಣಿಸಿಕೊಳ್ಳಲಿ. ಆಮೇಲೆ ಠಾಣೆಗೆ ಹೋಗುತ್ತೇನೆ. ಅಂಗಡಿಯ ಬೀಗದ ಕೈಯನ್ನು ಮನೆಯಲ್ಲಿ ಕೊಟ್ಟಾಗಿದೆ.

ಕ್ಷಮೆ ಕೇಳುವುದಿಲ್ಲ. ಜಯಮ್ಮ ನೋಡುತ್ತಾಳೆ, ಯಜಮಾನರು ನೋಡುತ್ತಾರೆ, ಪುಟ್ಟಸ್ವಾಮಣ್ಣ ಆಗಲೇ ನೋಡಿಯಾಗಿದೆ. ನಮ್ಮೋರ್ದೇ ಅಂತೀರಾ ಎಂದು ನನ್ನನ್ನು ನೇರವಾಗಿ ಕೇಳಿದವರು ಗೌರಮ್ಮ ಒಬ್ಬರೇ. ಅವರಿಗೆ ತೋರಿಸಲು ಆಗುವುದಿಲ್ಲ.